ಬೋಲ್ಟಿನ ಸಾಹೇಬರು

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಇಪ್ಪತ್ತು ವರ್ಷ ನಡೆಸಿದ ಅಂಗಡಿಗೆ ಒಂದು ಬೋರ್ಡು ಕೂಡ ಹಾಕಿಸಿಕೊಳ್ಳದ ಮನುಷ್ಯ. "ಬೇಕಾದವರು ಹುಡುಕಿಕೊಂಡು ಬರ್ತಾರೆ. ಬೇಡದವರಿಗೆ ಬೋರ್ಡು ಯಾಕೆ?" ಎನ್ನುತ್ತಿದ್ದರು. ಬಂಟ್ವಾಳ ಪೇಟೆಯಲ್ಲಿ ಬಸ್ಸಿನವರನ್ನೋ ಅಕ್ಕಿ ಮಿಲ್ಲಿನವರನ್ನೋ ನಿಲ್ಲಿಸಿ "ಬೋಲ್ಟಿನ ಸಾಹೇಬರು" ಎಂದರೆ ಸಾಕಿತ್ತು, ಹೊಳೆಯ ಕಡೆಗೆ ಕೈ ತೋರಿಸುತ್ತಿದ್ದರು.

ನಾನು ಹಾಸನದ ಕಡೆಯವಳು. ನರ್ಸಿಂಗ್ ಕಲಿತು, ಅರವತ್ತರ ದಶಕದ ಆರಂಭದಲ್ಲಿ ಮೂಡುಬಿದಿರೆಯ ಒಂದು ಸಣ್ಣ ಆಸ್ಪತ್ರೆಗೆ ಕೆಲಸಕ್ಕೆ ಬಂದೆ. ಹದಿನಾಲ್ಕು ಹಾಸಿಗೆ, ಒಬ್ಬರು ಡಾಕ್ಟರಮ್ಮ, ಒಬ್ಬ ಮ್ಯಾನೇಜರು. ನನಗೆ ತುಳು ಬಾರದು. ಹಾಗಾಗಿ ಊರಿನವರೆಲ್ಲ ನನ್ನೊಡನೆ ಶಾಲೆಯ ಪಾಠ ಒಪ್ಪಿಸುವಂತೆ ನಿಧಾನವಾಗಿ ಕನ್ನಡ ಮಾತಾಡುತ್ತಿದ್ದರು.

ಆಪರೇಷನ್ ಕೋಣೆ ನನ್ನ ಜವಾಬ್ದಾರಿ. ಅಲ್ಲಿ ಜರ್ಮನಿಯಿಂದ ಬಂದ ಒಂದು ಸ್ಟೆರಿಲೈಸರ್ ಇತ್ತು. ಹಂಡೆಯಂಥ ದಪ್ಪ ಡ್ರಮ್ಮು. ಒಳಗೆ ಬಟ್ಟೆ, ಹತ್ತಿ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಇಟ್ಟು, ಮುಚ್ಚಳ ಬಿಗಿದು, ಒತ್ತಡದ ಹಬೆಯಲ್ಲಿ ಬೇಯಿಸಿದರೆ ಕ್ರಿಮಿಗಳೆಲ್ಲ ಸಾಯುತ್ತವೆ. ಕತ್ತರಿ ಚಾಕುಗಳನ್ನು ನೀರಿನಲ್ಲಿ ಕುದಿಸಬಹುದು, ಬಟ್ಟೆಯನ್ನು ಹಾಗೆ ಮಾಡಲಾಗದು. ಮುಚ್ಚಳವನ್ನು ಹಿಡಿದಿಡಲು ಅಂಚಿನ ಸುತ್ತ ಎಂಟು ಬೋಲ್ಟುಗಳಿದ್ದವು. ಒಂದೊಂದರ ಬುಡದಲ್ಲೂ ಸೂಜಿಗಿರುವಂತೆ ಕಣ್ಣು. ಆ ಕಣ್ಣಿಗೆ ಪಿನ್ನು ಹಾಕಿ ಡ್ರಮ್ಮಿಗೆ ಸಿಕ್ಕಿಸಿರುವುದರಿಂದ ಬೋಲ್ಟನ್ನು ಆಚೆ ಮಲಗಿಸಿ ಮುಚ್ಚಳ ತೆಗೆಯಬಹುದು, ಎತ್ತಿ ನಿಲ್ಲಿಸಿ ನಟ್ಟು ಬಿಗಿಯಬಹುದು.

ಒಂದು ಬೆಳಿಗ್ಗೆ ಬಿಗಿಯುತ್ತಿರುವಾಗ ಅದರಲ್ಲೊಂದು ನನ್ನ ಕೈಯಲ್ಲೇ ಪಟ್ಟನೆ ಮುರಿಯಿತು.

ಆ ಹೊತ್ತಿಗೆ ನಮ್ಮ ವಾರ್ಡಿನಲ್ಲಿ ನಾರಾವಿಯ ಒಬ್ಬಳು ತುಂಬು ಬಸುರಿ ಇದ್ದಳು. ಮೊದಲ ಹೆರಿಗೆಯಲ್ಲಿ ಎರಡು ದಿನ ನರಳಿ, ಕೊನೆಗೆ ಮಗು ಉಳಿದಿರಲಿಲ್ಲ. ಈ ಸಲ ಹೊಟ್ಟೆ ಕೊಯ್ದೇ ತೆಗೆಯಬೇಕೆಂದು ಡಾಕ್ಟರಮ್ಮ ತೀರ್ಮಾನಿಸಿದ್ದರು. ಅದಕ್ಕೆ ಹದಿನೈದು ದಿನ ಉಳಿದಿತ್ತು. ಮಂಗಳೂರಿಗೆ ಕರೆದುಕೊಂಡು ಹೋಗಿ ಎಂದರೆ ಅವಳ ಅತ್ತೆ, "ಇಲ್ಲಿಯ ತನಕ ಬಂದದ್ದೇ ಹೆಚ್ಚು. ಇನ್ನು ಮುಂದೆ ಹೋಗುವುದಿದ್ದರೆ ಮನೆಗೇ ಹೋಗುವ" ಎಂದುಬಿಟ್ಟಿದ್ದರು.

ಮ್ಯಾನೇಜರು ಮಂಗಳೂರಿನ ಬಂದರಿಗೆ ಹೋಗಿ ಎಲ್ಲ ಕಬ್ಬಿಣದ ಅಂಗಡಿ ಸುತ್ತಿ ಒಂದು ಬೋಲ್ಟು ತಂದರು. ಕಣ್ಣೂ ಇತ್ತು. ನಮ್ಮ ಹಳೆಯ ನಟ್ಟು ಅದರ ಮೇಲೆ ಸಲೀಸಾಗಿ ಇಳಿಯಿತು. "ಕೂತಿತಲ್ಲ!" ಎಂದು ಮ್ಯಾನೇಜರು ಖುಷಿಪಟ್ಟರು. ಆದರೆ ನಟ್ಟು ಹಿಡಿದು ಅಲ್ಲಾಡಿಸಿದರೆ ಬಿದ್ದು ಹೋಗುವ ಮುಂಚಿನ ಹಾಲು ಹಲ್ಲಿನ ಹಾಗೆ ಕುಲುಕುತ್ತಿತ್ತು. ನನಗೆ ಸಮಾಧಾನವಾಗಲಿಲ್ಲ. ಹೇಳಿದರೆ ಎರಡು ದಿನ ಅಲೆದು ಬಂದ ಮನುಷ್ಯನಿಗೆ ನೋವಾಗುತ್ತದೆ. ಸುಮ್ಮನಿರಲೂ ಆಗಲಿಲ್ಲ. ಕೊನೆಗೆ ಬೆಳ್ತಂಗಡಿ ಬಸ್ಸಿನ ಡ್ರೈವರೊಬ್ಬ, ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದವ, ನನ್ನ ಮುಖ ನೋಡಿ ವಿಷಯ ಕೇಳಿ ಹೇಳಿದ: "ಜರ್ಮನಿದಾ? ಹಾಗಾದ್ರೆ ಅದು ಮಿಲಿಮೀಟರಿನದ್ದು ಸಿಸ್ಟರ್. ಇಲ್ಲಿ ಎಲ್ಲ ಇಂಚಿನದ್ದು. ಬಂಟ್ವಾಳದ ಸಾಹೇಬ್ರಿಗೆ ಒಮ್ಮೆ ತೋರಿಸಿ."

ರಜೆಯ ದಿನ ಮುರಿದದ್ದು, ಹೊಸದು, ನಟ್ಟು ಮೂರನ್ನೂ ಗಾಜ್ ಬಟ್ಟೆಯಲ್ಲಿ ಸುತ್ತಿಕೊಂಡು ಸಿದ್ದಕಟ್ಟೆ ದಾರಿಯ ಬಸ್ಸು ಹತ್ತಿದೆ.

ಅಂಗಡಿ ಕಿರಿದು, ಆಳ ಹೆಚ್ಚು. ಗೋಡೆ ತುಂಬ ಬೀಡಿಯ ಹಳೆಯ ಡಬ್ಬಿಗಳು. ಒಂದೊಂದರ ಮೈಗೂ ಒಳಗಿರುವ ಬೋಲ್ಟಿನದೇ ಒಂದು ಮಾದರಿಯನ್ನು ದಾರದಲ್ಲಿ ಕಟ್ಟಿತ್ತು. ಮೂಲೆಯಲ್ಲಿ ಚಾಪೆಯ ಮೇಲೆ ಕೂತ ಒಬ್ಬರು ನಟ್ಟುಗಳನ್ನು ಬೇರೆ ಬೇರೆ ಮಾಡುತ್ತಿದ್ದರು. ಅವರಿಗೆ ಬಲಗೈ ಮಣಿಕಟ್ಟಿನಿಂದ ಕೆಳಗೆ ಇರಲಿಲ್ಲ. ಎಡಗೈ ಮಾತ್ರ ಕೋಳಿ ಕಾಳು ಹೆಕ್ಕುವಷ್ಟು ಚುರುಕಾಗಿ ಓಡಾಡುತ್ತಿತ್ತು. ಅಂಗಡಿಯ ಕೆಲಸದವರಿರಬೇಕು ಎಂದುಕೊಂಡೆ.

ವಾರ್ಡಿನ ಬಸುರಿಯ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ಸಾಹೇಬರು ಗಂಟು ಬಿಚ್ಚಿ, ಹೊಸ ಬೋಲ್ಟಿಗೆ ನಟ್ಟು ಹಾಕಿ, ನನ್ನ ಹಾಗೆಯೇ ಅಲ್ಲಾಡಿಸಿ ನೋಡಿದರು.

"ಕೂರ್ತದೆ ಸಿಸ್ಟರ್. ಹಿಡಿಯುವುದಿಲ್ಲ."

"ಅಂದ್ರೆ?"

"ಇದು ಮೂರು ಸೂತು. ಇಂಚನ್ನು ಎಂಟು ಪಾಲು ಮಾಡಿದ್ರೆ ಅದರಲ್ಲಿ ಮೂರು. ನಿಮ್ಮ ನಟ್ಟು ಹತ್ತು ಮಿಲಿಮೀಟರಿನದ್ದು. ಎರಡೂ ಹೆಚ್ಚುಕಡಿಮೆ ಒಂದೇ ದಪ್ಪ. ಅದೇ ಕಷ್ಟ. ದೊಡ್ಡ ವ್ಯತ್ಯಾಸ ಇದ್ರೆ ಒಳಗೇ ಹೋಗ್ಲಿಕ್ಕಿಲ್ಲ, ಯಾರೂ ಮೋಸ ಹೋಗುವುದಿಲ್ಲ. ಇದು ಒಳಗೆ ಹೋಗ್ತದೆ, ಬಿಗಿ ಆದ ಹಾಗೆ ಕಾಣ್ತದೆ. ಹಬೆ ಏರಿದ ಮೇಲೆ ಥ್ರೆಡ್ಡಿನ ಹಲ್ಲು ಕಿತ್ತು ಬರ್ತದೆ. ಆಗ ಮುಚ್ಚಳದ ಎದುರು ಯಾರು ನಿಂತಿರ್ತಾರೆ?"

"ನಾನೇ."

ಅವರು ಮಂಗಳೂರಿನ ಬೋಲ್ಟನ್ನು ತಮ್ಮ ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದರು.

"ಅಯ್ಯೋ, ಅದನ್ನ ಮ್ಯಾನೇಜರಿಗೆ ವಾಪಸ್ ಕೊಡಬೇಕು!"

"ಬಂಟ್ವಾಳದ ಬ್ಯಾರಿ ಕೊಡ್ಲಿಲ್ಲ ಅಂತ ಹೇಳಿ. ಅವರು ಬೈಯುವುದಿದ್ರೆ ನನಗೆ ಬೈಲಿ. ಅಲ್ಲಿ ಇದ್ರೆ ಯಾರಾದ್ರೂ ಒಂದು ದಿನ ಹಾಕಿಯೇ ಹಾಕ್ತಾರೆ."

ಗಿರಾಕಿಯ ಕೈಯಿಂದ ಸರಕು ಕಸಿದುಕೊಂಡ ಅಂಗಡಿಯವರನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ಅವರು ಮುರಿದ ಬೋಲ್ಟನ್ನು ಕಾರ್ಬನ್ ಕಾಗದದ ಮೇಲೆ ಉರುಳಿಸಿ, ಒಂದು ಪೋಸ್ಟ್‌ಕಾರ್ಡಿನ ಮೇಲೆ ಒತ್ತಿ ಉರುಳಿಸಿದರು. ಥ್ರೆಡ್ಡಿನ ಹಲ್ಲುಗಳು ಕಾರ್ಡಿನ ಮೇಲೆ ಸಾಲುಗೆರೆಯಾಗಿ ಮೂಡಿದವು. ಪಕ್ಕದಲ್ಲಿ ಕಣ್ಣಿನ ಚಿತ್ರ, ಉದ್ದ, ಕೆಳಗೆ 'ಪ್ಲೀಸ್ ಸೆಂಡ್'. ಅವರ ಇಂಗ್ಲಿಷು ಅಷ್ಟೇ. ಕಾರ್ಡು ಸಿಕ್ಕಿದವರು ತಮ್ಮಲ್ಲಿರುವ ಬೋಲ್ಟನ್ನು ಆ ಗೆರೆಗಳ ಮೇಲಿಟ್ಟು ನೋಡಿದರಾಯಿತು, ಭಾಷೆಯೇ ಬೇಡ. ಅಂಥ ಮೂರು ಕಾರ್ಡು ಬರೆದರು. ಒಂದು ಬೊಂಬಾಯಿಗೆ, ಒಂದು ಮದ್ರಾಸಿಗೆ, ಒಂದು ಕೊಯಮತ್ತೂರಿಗೆ. ಬೊಂಬಾಯಿಯ ವ್ಯಾಪಾರಿಯೊಂದಿಗೆ ಹತ್ತು ಹನ್ನೆರಡು ವರ್ಷದ ಪತ್ರವ್ಯವಹಾರ. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಆಸ್ಪತ್ರೆಗೆ ಬಂದು ಹೇಳಿದಾಗ ಮ್ಯಾನೇಜರು ಕೆಂಡವಾದರು. ಡಾಕ್ಟರಮ್ಮ ಮಾತ್ರ, "ನಿನ್ನ ಕೈಗೆ ಅಲ್ಲಾಡ್ತದೆ ಅಂತ ಅನ್ನಿಸಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ?" ಎಂದು ನನ್ನನ್ನೇ ಕೇಳಿದರು.

ಒಂಬತ್ತನೆಯ ದಿನ ಸಾಹೇಬರು ಸ್ವತಃ ಆಸ್ಪತ್ರೆಯ ಬಾಗಿಲಲ್ಲಿ ಪ್ರತ್ಯಕ್ಷರಾದರು. ಕಂಕುಳಲ್ಲಿ ರಟ್ಟಿನ ದಪ್ಪ ಪುಸ್ತಕ.

"ಬೊಂಬಾಯಿಯಲ್ಲಿ ಹತ್ತರ ಬೋಲ್ಟು ಉಂಟು, ಕಣ್ಣು ಇಲ್ಲ. ಮಾಡಿಸ್ಲಿಕ್ಕೆ ಒಂದು ತಿಂಗಳು ಅಂತೆ. ಮದ್ರಾಸಿನವ ಉತ್ತರವೇ ಕೊಡ್ಲಿಲ್ಲ. ಕೊಯಮತ್ತೂರಿನವ ಇಲ್ಲ ಅಂದ. ಆ ಹೆಂಗಸಿಗೆ ಎಷ್ಟು ದಿನ ಉಂಟು?"

"ನಾಲ್ಕೈದು."

ಅವರು ಪುಸ್ತಕ ಬಿಚ್ಚಿದರು. ಅದು ಸತ್ತ ಯಂತ್ರಗಳ ಪುಸ್ತಕ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಯಾವ ಕೊಟ್ಟಿಗೆಯಲ್ಲಿ ಯಾವ ಪರದೇಶದ ಯಂತ್ರ ಕೆಟ್ಟು ಮಲಗಿದೆ, ಅದರ ಮೈಯಲ್ಲಿ ಯಾವ ಅಳತೆಯ ಬೋಲ್ಟುಗಳಿವೆ ಎಂದು ಹಳ್ಳಿಹಳ್ಳಿ ತಿರುಗಿ ಬರೆದಿಟ್ಟಿದ್ದರು. ಏಳು ಮಿಲಿಮೀಟರಿನದ್ದು ಬೇಕೆ, ವೇಣೂರಿನ ಹತ್ತಿರ ಹಾಲಿನ ಕೆನೆ ತೆಗೆಯುವ ಒಂದು ಕೆಟ್ಟ ಯಂತ್ರ. ಎಡಕ್ಕೆ ತಿರುಗುವ ಥ್ರೆಡ್ಡು ಬೇಕೆ, ಪಾಣೆಮಂಗಳೂರಿನ ಒಂದು ಮುರುಕು ಪಂಪು. ಅವರ ಬೆರಳು ಮುಂಡಾಜೆ ಎಂಬಲ್ಲಿ ನಿಂತಿತು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಯಾರೋ ನಿಂಬೆಯಂತೆ ಘಮಿಸುವ ಮಜ್ಜಿಗೆಹುಲ್ಲಿನ ಎಣ್ಣೆ ಇಳಿಸುವ ಉಮೇದಿನಲ್ಲಿ ಜರ್ಮನಿಯಿಂದ ಹಂಡೆ ತರಿಸಿದ್ದರಂತೆ. ಎರಡು ವರ್ಷ ನಡೆದು ನಿಂತುಹೋಯಿತು. ಅದರ ಮುಚ್ಚಳಕ್ಕೆ ಹನ್ನೆರಡು ಕಣ್ಣಿನ ಬೋಲ್ಟು. ಹತ್ತು ಮಿಲಿಮೀಟರ್.

"ಹಾಗಾದ್ರೆ ಮೊದಲೇ ಅಲ್ಲಿಗೆ ಹೋಗಬಹುದಿತ್ತಲ್ಲ?" ಎಂದೆ.

"ಆ ಮನೆಯ ಅಮ್ಮನನ್ನು ಹಿಂದೆ ಎರಡು ಸಲ ಕೇಳಿದ್ದೇನೆ. ಗಂಡ ತಂದ ಹಂಡೆ ಅಂತ ಒಂದು ತಿರುಪು ಕೊಡ್ಲಿಲ್ಲ. ಅದಕ್ಕೇ ಬಂದದ್ದು. ನೀವು ಈ ಬಿಳಿ ಸೀರೆಯಲ್ಲೇ ನನ್ನೊಟ್ಟಿಗೆ ಬನ್ನಿ."

ಮರುದಿನ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಮುಂಡಾಜೆಗೆ ಹೋದೆವು. ಆ ಅಮ್ಮನಿಗೆ ಅರವತ್ತು ದಾಟಿತ್ತು. ಸಾಹೇಬರು ತುಳುವಿನಲ್ಲಿ ಶುರು ಮಾಡಿದರು. ಅಮ್ಮ ನನ್ನ ಸೀರೆ ನೋಡಿ ಕನ್ನಡಕ್ಕೆ ತಿರುಗಿದರು. ನಾರಾವಿಯವಳ ಕತೆಯನ್ನು ನಾನು ಹೇಳಿದೆ. ಮೊದಲ ಮಗುವಿನ ವಿಷಯ ಬಂದಾಗ ಅವರು ಕಣ್ಣು ಕೆಳಗೆ ಮಾಡಿದರು.

"ಹೆಂಗಸಿನ ಜೀವಕ್ಕೆ ಅಂತ ಬಂದ್ರೆ ಹೇಗೆ ಇಲ್ಲ ಅನ್ನುವುದು? ತೆಗೊಳ್ಳಿ. ಆದ್ರೆ ಈಗ ಅಲ್ಲ."

"ಯಾಕಮ್ಮ?"

"ಹಂಡೆಯ ಒಳಗೆ ಹೇಂಟೆ ಕಾವಿಗೆ ಕೂತಿದೆ. ಇನ್ನೂ ಎಂಟು ದಿನ ಉಂಟು. ನೀವು ಸುತ್ತಿಗೆಯಲ್ಲಿ ಠಣ್ ಠಣ್ ಅಂದ್ರೆ ಅದು ಎದ್ದು ಹೋಗ್ತದೆ, ಮತ್ತೆ ಕೂರುವುದಿಲ್ಲ. ಹದಿಮೂರು ಮೊಟ್ಟೆ."

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಸಾಹೇಬರು ಮಾತ್ರ ಒಂದಿಷ್ಟೂ ವಿಚಲಿತರಾಗದೆ ಕೇಳಿದರು: "ಅದು ಕಾಳಿಗೆ ಇಳಿಯುವುದು ಯಾವಾಗ?"

"ಮಧ್ಯಾಹ್ನ ಕಳೆದು ಒಮ್ಮೆ. ತಿಂದು, ನೀರು ಕುಡಿದು, ಧೂಳಲ್ಲಿ ಹೊರಳಿ, ಮತ್ತೆ ಹೋಗಿ ಕೂರ್ತದೆ. ಕಾಲು ಗಂಟೆ ಇರಬಹುದು."

"ನಮಗೆ ಕಾಲು ಗಂಟೆ ಸಾಕು. ಕಾಯುವ."

ಅವರು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಎರಡು ಪಿನ್ನುಗಳಿಗೆ ಸೀಮೆ ಎಣ್ಣೆ ಹನಿಸಿ ಬಂದರು, ತುಕ್ಕು ಮೆತ್ತಗಾಗಲಿ ಎಂದು. ಅಮ್ಮ ಮಜ್ಜಿಗೆ ಕೊಟ್ಟು ಒಳಗೆ ಹೋದರು. ಜಗಲಿಯಲ್ಲಿ ಕೂತು ಹಂಡೆಯ ಕಡೆ ನೋಡುತ್ತ ನಾವು ಮೂರು ಗಂಟೆ ಕಾದೆವು. ಆ ಹೊತ್ತಿನಲ್ಲಿ ನಾನು ಕೇಳಿದೆ, ಒಂದು ಬೋಲ್ಟಿಗಾಗಿ ಇಷ್ಟು ಯಾಕೆ ಓಡಾಡುತ್ತೀರಿ ಎಂದು.

"ಅಂಗಡಿಯಲ್ಲಿ ಕೈ ಇಲ್ಲದವರನ್ನು ನೋಡಿದ್ರಲ್ಲ? ಅವರು ಒಂದು ಅಕ್ಕಿ ಮಿಲ್ಲಿನಲ್ಲಿ ಇಂಜಿನ್ ನೋಡಿಕೊಳ್ತಿದ್ರು. ಜರ್ಮನಿ ಇಂಜಿನ್. ನಾನು ಆಗ ಅಂಗಡಿ ಇಟ್ಟು ಎರಡು ವರ್ಷ. ಒಂದು ದಿನ ಬೇರಿಂಗಿನ ಬೋಲ್ಟು ಬೇಕು ಅಂತ ಬಂದ್ರು. ನನ್ನ ಹತ್ತಿರ ಮೂರು ಸೂತಿನದ್ದು ಇತ್ತು. ಹಾಕಿ ನೋಡಿದೆ, ಕೂತಿತು. ಕೊಟ್ಟೆ."

ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ. ಆದರೂ ಹೇಳಿದರು.

"ನಾಲ್ಕನೇ ದಿನ ಕಿತ್ತು ಬಂತು. ಬೆಲ್ಟಿನ ಹತ್ತಿರ ಅವರ ಕೈ ಇತ್ತು. ನಾನು ಆಸ್ಪತ್ರೆಗೆ ಹೋಗಿ, ನನ್ನಿಂದ ಆಯಿತು, ನಾನು ತಪ್ಪು ಕೊಟ್ಟೆ ಅಂತ ಕಾಲ ಹತ್ತಿರ ಕೂತೆ. ಅವರು ಎಂಥ ಹೇಳಿದ್ರು ಗೊತ್ತುಂಟಾ? 'ನಿಮಗೆ ಗೊತ್ತಿರಲಿಲ್ಲ ಸಾಹೇಬ್ರೇ. ನನಗೆ ಗೊತ್ತಿತ್ತು. ಬಿಗಿಯುವಾಗ ನಟ್ಟು ಅಲ್ಲಾಡ್ತಿತ್ತು. ಮಿಲ್ಲು ನಿಂತ್ರೆ ಧಣಿ ಬೈತಾರೆ ಅಂತ ನಾನು ಹೇಳಲಿಲ್ಲ.' ಆವತ್ತಿನಿಂದ ಅಂಗಡಿಯಲ್ಲಿ ಅರ್ಧ ಅವರದ್ದು. ಕೆಲಸಕ್ಕೆ ಇಟ್ಟದ್ದಲ್ಲ ಸಿಸ್ಟರ್, ಪಾಲುದಾರರು. ಯಾವುದನ್ನೂ ಅವರ ಕೈಯಲ್ಲಿ ಒಮ್ಮೆ ತಿರುಗಿಸದೆ ನಾನು ಮಾರುವುದಿಲ್ಲ."

ಮ್ಯಾನೇಜರ ಎದುರು ನಾನೂ ಬಾಯಿ ಮುಚ್ಚಿಕೊಂಡೇ ಇದ್ದೆನಲ್ಲ. ಆ ಡ್ರೈವರ ಕಾಲಿಗೆ ಹುಣ್ಣಾಗದೆ ಇದ್ದಿದ್ದರೆ, ಅವತ್ತೇ ಸಂಜೆ ನಾನು ಒಲೆ ಹೊತ್ತಿಸಿ ಮುಚ್ಚಳದ ಎದುರು ನಿಲ್ಲುತ್ತಿದ್ದೆ. ಅದನ್ನು ಅವರಿಗೆ ಹೇಳಿದೆ.

ಹೇಂಟೆ ಇಳಿಯಿತು. ಸಾಹೇಬರು ಓಡಿದರು. ಸುತ್ತಿಗೆಗೆ ಬಟ್ಟೆ ಸುತ್ತಿ, ಮೊಳೆಯಿಟ್ಟು ತಟ್ಟಿ ಮೊದಲ ಪಿನ್ನು ತೆಗೆದರು. ಎರಡನೆಯದು ಜಪ್ಪಯ್ಯ ಎನ್ನಲಿಲ್ಲ. ಅಮ್ಮ ಅಂಗಳದಲ್ಲಿ ನಿಂತು ಇನ್ನೂ ಒಂದು ಹಿಡಿ ನೆಲ್ಲು ಚೆಲ್ಲಿ ಕೋಳಿಯನ್ನು ತಡೆದರು. "ಬೇಗ ಸಾಹೇಬ್ರೇ, ಹೊರಳ್ಲಿಕ್ಕೆ ಶುರು ಮಾಡಿತು!" ಕೊನೆಗೆ ಎರಡನೆಯದೂ ಬಂತು. ನಾವು ಹಿಂದೆ ಸರಿಯುತ್ತಿದ್ದ ಹಾಗೆ ಹೇಂಟೆ ನಮ್ಮ ಕಡೆ ಒಂದು ಸಂಶಯದ ನೋಟ ಬೀರಿ ಹಂಡೆಯೊಳಗೆ ಹಾರಿತು. ಅಮ್ಮನೇ ಎಲ್ಲರಿಗಿಂತ ಹೆಚ್ಚು ನಕ್ಕರು.

"ಎರಡು ಯಾಕೆ?" ಎಂದು ದಾರಿಯಲ್ಲಿ ಕೇಳಿದೆ.

"ಒಂದು ಮುರಿದಿದೆ ಅಂದ್ರೆ ಪಕ್ಕದ್ದಕ್ಕೂ ವಯಸ್ಸಾಯಿತು ಅಂತ ಲೆಕ್ಕ."

ಬಂಟ್ವಾಳದಲ್ಲಿ ಪಾಲುದಾರರು ಬೋಲ್ಟುಗಳನ್ನು ಎಣ್ಣೆಯಲ್ಲಿ ತಿಕ್ಕಿ, ಭೂತಗನ್ನಡಿಯಲ್ಲಿ ಬಿರುಕು ಹುಡುಕಿ, ನಟ್ಟನ್ನು ಎಡಗೈಯಲ್ಲಿ ಬುಡದ ತನಕ ತಿರುಗಿಸಿ, "ಆಯಿತು" ಎಂದ ಮೇಲೆಯೇ ಅವು ಮೂಡುಬಿದಿರೆಗೆ ಬಂದವು. ಸಾಹೇಬರು ಜೋಡಿಸಿದರು. ಮೊದಲ ಸಲ ಹಬೆ ಏರಿಸುವಾಗ ಎಲ್ಲರನ್ನೂ ಹೊರಗೆ ಕಳಿಸಿ, ತಾವೊಬ್ಬರೇ ಸ್ಟೂಲು ಹಾಕಿಕೊಂಡು ಮುಚ್ಚಳದ ಎದುರು ಕೂತರು.

"ನೀವೂ ಹೊರಗೆ ಹೋಗಿ ಸಿಸ್ಟರ್."

"ನಾಳೆಯಿಂದ ನಾನೇ ತಾನೇ ನಿಲ್ಲೋದು? ಇವತ್ತೂ ನಿಲ್ತೀನಿ."

"ನಿಲ್ತೀನಿ ಅಲ್ಲ, ನಿಲ್ತೇನೆ. ಈ ಊರಿನ ಕನ್ನಡ ಇನ್ನೂ ಬರ್ಲಿಲ್ಲವಾ?" ಎಂದು ನಕ್ಕರು. ಒತ್ತಡ ತೋರಿಸುವ ಮುಳ್ಳು ಮೇಲೇರುತ್ತ ಹೋಯಿತು. ಕೆಂಪು ಗೆರೆಯ ಹತ್ತಿರ ಹತ್ತು ನಿಮಿಷ ನಿಂತಿತು. ಎಲ್ಲಿಂದಲೂ ಒಂದು ಎಳೆ ಹಬೆ ಸೋರಲಿಲ್ಲ. ಮೂರನೆಯ ದಿನ ನಾರಾವಿಯವಳಿಗೆ ಆಪರೇಷನ್ ಆಯಿತು. ಹೆಣ್ಣು ಮಗು. ಹುಟ್ಟಿದ ಕೂಡಲೇ ವಾರ್ಡಿಗೆಲ್ಲ ಕೇಳುವಂತೆ ಕಿರುಚಿತು. ಮನೆಗೆ ಹೊರಟುಬಿಡುತ್ತೇನೆಂದ ಅತ್ತೆಯೇ ಮೊದಲು ಎತ್ತಿಕೊಂಡರು.

ಆಮೇಲೆ ಸರಕಾರ ಊರಿಗೆಲ್ಲ ಮೀಟರು, ಕಿಲೋ ತಂದಿತು. ಕಬ್ಬಿಣದ ಅಂಗಡಿಗಳಿಗೂ ನಿಧಾನವಾಗಿ ಮಿಲಿಮೀಟರಿನ ಬೋಲ್ಟು ಬರತೊಡಗಿತು. ಅಂಗಡಿಯವರೆಲ್ಲ ತಬ್ಬಿಬ್ಬಾಗಿ ಸಾಹೇಬರ ಹತ್ತಿರ ಪಾಠಕ್ಕೆ ಬಂದರು. ಅವರು ಯಾರಿಗೂ ಇಲ್ಲ ಎನ್ನದೆ ಕಲಿಸಿದರು. ಇನ್ನು ನಿಮ್ಮ ವ್ಯಾಪಾರಕ್ಕೆ ಪೆಟ್ಟಲ್ಲವೇ ಎಂದರೆ, "ಎಂಥ ಪೆಟ್ಟು? ಇನ್ನು ಹದಿನೈದು ವರ್ಷ ಹೋಗಲಿ, ಇಂಚಿನದ್ದು ಬೇಕು ಅಂತ ಜನ ಅಳ್ತಾ ಬರ್ತಾರೆ" ಎಂದು, ಉಳಿದವರು ಎಸೆಯುತ್ತಿದ್ದ ಇಂಚಿನ ಸರಕನ್ನು ಗೋಣಿಯಲ್ಲಿ ತುಂಬಿಸಿಕೊಳ್ಳುತ್ತಿದ್ದರು. ಒಂದು ಮಳೆಗಾಲ ನೇತ್ರಾವತಿ ಉಕ್ಕಿ ಪೇಟೆಗೆ ನೀರು ನುಗ್ಗಿದಾಗ ಸೊಂಟದುದ್ದ ನೀರಿನಲ್ಲಿ ಆ ಸತ್ತ ಯಂತ್ರಗಳ ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ಬಂದರಂತೆ. ಬೋಲ್ಟು ನೀರಲ್ಲಿ ತೇಲಿ ಹೋಗುವುದಿಲ್ಲ, ಒರೆಸಿದರೆ ಸಾಕು ಎಂಬುದು ಅವರ ಧೈರ್ಯ.

ಕೆಲವು ವರ್ಷಗಳ ಮೇಲೆ ಅವರಿಗೆ ಕಣ್ಣಿನ ಪೊರೆ ಬಂತು. ಮಂಗಳೂರಿನಿಂದ ಕಣ್ಣಿನ ಡಾಕ್ಟರು ಬರುವ ದಿನ ನಮ್ಮಲ್ಲೇ ಆಪರೇಷನ್ ಮಾಡಿಸಿಕೊಂಡರು. ಆಗೆಲ್ಲ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ದಿನಗಟ್ಟಲೆ ಅಲ್ಲಾಡದೆ ಮಲಗಿಸುವ ಕ್ರಮ. ಮೂರನೆಯ ದಿನ ನಾನು ವಾರ್ಡಿಗೆ ಬಂದರೆ ಒಬ್ಬ ಲಾರಿ ಡ್ರೈವರು ಅವರ ಹಾಸಿಗೆಯ ಪಕ್ಕ ನಿಂತಿದ್ದ. ಸಾಹೇಬರು ಹೆಬ್ಬೆರಳಿನ ಉಗುರನ್ನು ಒಂದು ಬೋಲ್ಟಿನ ಮೇಲೆ ಸಿರ್ರನೆ ಎಳೆದು, "ಹನ್ನೆರಡು ಮಿಲಿಮೀಟರ್. ಸಣ್ಣ ಹಲ್ಲು. ನಮ್ಮಲ್ಲಿ ಇಲ್ಲ, ಬೊಂಬಾಯಿಗೇ ಬರೆಯಬೇಕು" ಎನ್ನುತ್ತಿದ್ದರು.

"ಸಾಹೇಬರೇ, ಇದು ಆಸ್ಪತ್ರೆ. ಅಂಗಡಿ ಅಲ್ಲ."

"ಬೇಡ ಅಂತ ಹೇಳಿದೆ ಸಿಸ್ಟರ್, ಇವ ಕೇಳ್ಬೇಕಲ್ಲ ಮಾರಾಯ್ರೇ. ಪಾಪ, ಚಾರ್ಮಾಡಿ ಘಾಟಿಯಲ್ಲಿ ಇವನ ಲಾರಿ ನಿಂತಿದೆ. ನೀವು ಒಂದು ಕಾರ್ಡು ಬರೆದ್ರೆ ಆಯಿತು."

ಬರೆದೆ. ನನಗೆ ತಿಳಿದ ಇಂಗ್ಲಿಷಿನಲ್ಲಿ ಪೂರ್ತಿ ಒಂದು ಪತ್ರವನ್ನೇ ಬರೆದು, ಕೆಳಗೆ ನನ್ನ ಹೆಸರು, ಆಸ್ಪತ್ರೆಯ ವಿಳಾಸ ಹಾಕಿದೆ. ಬೊಂಬಾಯಿಯ ವ್ಯಾಪಾರಿ ನಮ್ಮ ಆಸ್ಪತ್ರೆಯನ್ನೂ ಒಂದು ಕಬ್ಬಿಣದ ಅಂಗಡಿ ಎಂದೇ ತಿಳಿದರು. ಬೋಲ್ಟುಗಳ ಜೊತೆ 'ಹಾರ್ಡ್‌ವೇರ್ ಮರ್ಚೆಂಟ್ಸ್, ಮೂಡುಬಿದಿರೆ' ಎಂದು ನನ್ನ ಹೆಸರಿಗೆ ಒಂದು ಗೋಡೆ ಕ್ಯಾಲೆಂಡರೂ ಬಂತು. ಆಮೇಲೆ ಪ್ರತಿ ವರ್ಷ ಬಂತು. ನಾನು ತಿದ್ದಲು ಹೋಗಲಿಲ್ಲ. ಸಾಹೇಬರೂ ಬೇಡ ಎಂದರು. "ಇರಲಿ, ವ್ಯವಹಾರಕ್ಕೆ ಒಳ್ಳೆ ಪಾರ್ಟಿ ಅವರು."

ಸಾಹೇಬರು ತೀರಿಕೊಂಡ ಸುದ್ದಿ ಹೇಳಲು ಪಾಲುದಾರರು ಬಸ್ಸಿನಲ್ಲಿ ಬಂದರು. ಮಧ್ಯಾಹ್ನದ ನಮಾಜು ಮುಗಿಸಿ ಬಂದು, ಅಂಗಡಿಯಲ್ಲಿ ಒಂದು ಗಳಿಗೆ ಒರಗಿದವರು ಏಳಲಿಲ್ಲವಂತೆ. "ಕಷ್ಟ ಪಡ್ಲಿಲ್ಲ," ಎಂದರು. ಆಮೇಲೆ, "ಅಂಗಡಿ ನಾನು ಬಿಡುವುದಿಲ್ಲ" ಎಂದರು. ಎಡಗೈಯಲ್ಲಿ ಕಣ್ಣೊರೆಸಿಕೊಂಡು, ಕಾಫಿ ಕುಡಿದು, ಅದೇ ಬಸ್ಸಿಗೆ ಹಿಂದಿರುಗಿದರು.

ಬೊಂಬಾಯಿಗೆ ನಾನೇ ಬರೆದು ತಿಳಿಸಿದೆ. ನಾನು ಯಾರು, ಅಂಗಡಿಯವಳಲ್ಲ ಎಂಬುದನ್ನೂ ಬರೆದೆ. ಹತ್ತು ದಿನಕ್ಕೆ ಉತ್ತರ ಬಂತು. ಇಷ್ಟು ವರ್ಷ ವ್ಯವಹಾರ ಮಾಡಿದರೂ ತಾನು ಅವರ ಮುಖ ನೋಡಿಲ್ಲ, ದಕ್ಷಿಣಕ್ಕೆ ಬಂದಾಗ ನೋಡುವ ಎಂದುಕೊಂಡೇ ಕಾಲ ಕಳೆಯಿತು, ಅವರು ನೋಡಲು ಹೇಗಿದ್ದರು, ದಯವಿಟ್ಟು ಬರೆಯಿರಿ ಎಂದು ಆ ವ್ಯಾಪಾರಿ ಕೇಳಿದ್ದರು.

ಅವತ್ತು ಮೇಜಿನ ಎದುರು ಕೂತು ಬಹಳ ಹೊತ್ತು ಯೋಚಿಸಿ ಇಷ್ಟು ಬರೆದೆ: "ಕುಳ್ಳು ಮನುಷ್ಯ. ಬಿಳಿ ಟೊಪ್ಪಿ, ಅಂಚಿನಲ್ಲಿ ಎಣ್ಣೆಯ ಕಲೆ. ಅಂಗಿಯ ಬಲಜೇಬಿನಲ್ಲಿ ಯಾವಾಗಲೂ ನಟ್ಟುಗಳು ತುಂಬಿರುತ್ತಿದ್ದುದರಿಂದ ಆ ಕಡೆಗೆ ಸ್ವಲ್ಪ ವಾಲಿಕೊಂಡು ನಡೆಯುತ್ತಿದ್ದರು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು, ಮುಂದಿನ ಎರಡು ಹಲ್ಲು ಇರಲಿಲ್ಲ. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಲ್ಲ. ಇಲ್ಲ ಎಂದು ಹೇಳಲು ಹೆದರಿದ್ದನ್ನೂ ನೋಡಿಲ್ಲ."

ಅದಕ್ಕೆ ಒಂದು ಪೋಸ್ಟ್‌ಕಾರ್ಡು ಬಂತು. ಎರಡೇ ಸಾಲು:

"ನಾನು ಅಂದುಕೊಂಡದ್ದಕ್ಕಿಂತ ಕುಳ್ಳು. ಉಳಿದದ್ದೆಲ್ಲ ಅಳತೆಗೆ ಸರಿಯಾಗಿದೆ."